ಕುದುರೆಯ ಮೇಲಿನ ಅಪವಾದ

ಮಹಾರಾಷ್ಟ್ರದ ಮಾಥೇರಾನ್ ಬೆಟ್ಟದ ಮೇಲೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ನೇರಳ್ ಕಡೆಯಿಂದ ಘಟ್ಟ ಹತ್ತಿ ಬಂದ ಕಾರುಗಳೆಲ್ಲ ದಸ್ತೂರಿ ನಾಕಾದಲ್ಲಿ ನಿಲ್ಲಬೇಕು. ಅಲ್ಲಿಂದ ಮುಂದೆ ಕೆಂಪು ಮುರಕಲ್ಲಿನ ದಾರಿ. ಕಾಲ್ನಡಿಗೆ ಬೇಡವೆಂದರೆ 1907ರಲ್ಲಿ ಶುರುವಾದ ಪುಟಾಣಿ ರೈಲಿದೆ, ಈಚೆಗೆ ಒಂದಷ್ಟು ಇ-ರಿಕ್ಷಾಗಳಿವೆ, ಇಲ್ಲವಾದರೆ ಕುದುರೆ. ಕುದುರೆ ಹತ್ತಿದವರ ಜೊತೆಗೆ ಹಗ್ಗ ಹಿಡಿದ ಒಬ್ಬ ಮನುಷ್ಯನೂ ಬರುತ್ತಾನೆ. ಅವನನ್ನು ಜನ ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ಎಷ್ಟಾಗುತ್ತದೆ, ಕುದುರೆ ಸಾಧುವಾ? ಮೊದಲನೆಯದರ ಮೇಲೆ ಚೌಕಾಸಿ ನಡೆಯುತ್ತದೆ. ಎರಡನೆಯದಕ್ಕೆ ಯಾವ ಊರಿನ ಕುದುರೆಯವನೂ ಇಲ್ಲವೆಂದು ಹೇಳಿದ್ದಿಲ್ಲ. ಆಮೇಲೆ ದಾರಿಯಲ್ಲಿ ಕುದುರೆ ಬೆದರಿ ಪಕ್ಕಕ್ಕೆ ಹಾರಿದರೆ ಅದು ಹುಚ್ಚು ಕುದುರೆ, ನಿಂತರೆ ಹಟಮಾರಿ, ಓಡಿದರೆ ನಂಬಲಾಗದ ಪ್ರಾಣಿ. ಈ ಬೈಗುಳಗಳಲ್ಲಿ ಹೆಚ್ಚಿನವು ಅಪವಾದ ಎಂದೇ ನನ್ನ ವಾದ. ಆ ದಾರಿ ಹಿಡಿದ ಮೂವರಲ್ಲಿ, ಎಂದರೆ ಕುದುರೆ, ಸವಾರ, ಹಗ್ಗ ಹಿಡಿದವನು ಈ ಮೂವರಲ್ಲಿ, ತನ್ನ ಸ್ವಭಾವಕ್ಕೆ ತಪ್ಪದೆ ನಡೆಯುವುದು ಕುದುರೆಯೇ. ಯಾವಾಗ ಏನಾಗುತ್ತದೋ ಹೇಳಲಾಗದ ಸಂಗತಿಗಳು ಇರುವುದು ಸವಾರನಲ್ಲಿ, ಜೀನಿನಲ್ಲಿ, ದಾರಿಯಲ್ಲಿ, ಆ ದಿನದ ಸಂಪಾದನೆಯ ಲೆಕ್ಕದಲ್ಲಿ. ಕುದುರೆಯವನ ಕಸುಬೆಂದರೆ ಮುಖ್ಯವಾಗಿ ಇವನ್ನು ಹತೋಟಿಯಲ್ಲಿ ಇಡುವುದು.

ಮೊದಲು ಕುದುರೆಯ ಪರವಾಗಿ ಅದರ ಮೈಯೇ ಹೇಳುವ ಸಾಕ್ಷ್ಯ. ಅದರ ಕಣ್ಣುಗಳಿರುವುದು ತಲೆಯ ಎರಡು ಪಕ್ಕದಲ್ಲಿ. ಕತ್ತು ತಿರುಗಿಸದೆ ಹೆಚ್ಚೂಕಡಿಮೆ 350 ಡಿಗ್ರಿಯಷ್ಟು ಸುತ್ತಲನ್ನು ಅದು ಕಾಣಬಲ್ಲದು. ಕಾಣದಿರುವುದು ಬಾಲದ ನೇರ ಹಿಂದಿನ ಒಂದು ಪಟ್ಟಿ, ಹಣೆಯ ನೇರ ಎದುರಿನ ಒಂದು ಚೂರು. ಅಧಿಕಾರಿಯ ಮುಂದೆ ಹೋಗಬೇಡ, ಕುದುರೆಯ ಹಿಂದೆ ಹೋಗಬೇಡ ಎನ್ನುವ ಮಾತಿನ ಎರಡನೆಯ ಅರ್ಧಕ್ಕೆ ಆಧಾರ ಇಲ್ಲಿದೆ. ಮೊದಲ ಅರ್ಧಕ್ಕೆ ಆಧಾರ ಯಾರೂ ಕೇಳುವುದಿಲ್ಲ. ಬಿಸಿಲಿನಿಂದ ನೆರಳಿಗೆ ಹೊಕ್ಕಾಗ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು. ಮಾಥೇರಾನಿನ ದಾರಿಗಳು ಬಹುಪಾಲು ಮರಗಳ ಅಡಿಯಲ್ಲೇ ಸಾಗುತ್ತವೆ. ಬಿಸಿಲಿನ ತುಂಡು, ನೆರಳಿನ ತುಂಡು, ಮತ್ತೆ ಬಿಸಿಲು. ಸವಾರ ಹಾಯೆನ್ನುವ ತಂಪಿನ ಜಾಗದಲ್ಲಿ ಕುದುರೆಗೆ ಕೆಲವು ಕ್ಷಣ ನೆಲ ಸರಿಯಾಗಿ ಕಾಣುವುದೇ ಇಲ್ಲ. ಅದು ನಿಂತು, ಮೂತಿ ತಗ್ಗಿಸಿ, ಕಾಲಿಡುವ ಮುನ್ನ ನೆಲವನ್ನು ನೋಡಿಕೊಳ್ಳಲು ಬಯಸಿದರೆ ಅದನ್ನು ವಿವೇಕವೆನ್ನಬೇಕು, ನಾವು ಹಟವೆನ್ನುತ್ತೇವೆ. ಇನ್ನು ಕಿವಿ. ಎರಡೂ ಕಿವಿಗಳು ಒಂದನ್ನೊಂದು ಕೇಳದೆ ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು, ನಮಗೆ ಕೇಳಿಸದ ಕೀರಲು ಸದ್ದುಗಳೂ ಅವಕ್ಕೆ ಕೇಳಿಸುತ್ತವೆ. ಮರದ ಮೇಲಿನ ಕೋತಿ ಯಾತ್ರಿಕರಿಂದ ಕಸಿದ ಚಿಪ್ಸ್ ಪೊಟ್ಟಣ ಹರಿಯುವ ಸದ್ದು ಸವಾರನ ಕಿವಿಗೆ ಬೀಳುವ ಮುಂಚೆಯೇ ಕುದುರೆಯ ಒಂದು ಕಿವಿ ಅತ್ತ ಹೊರಳಿರುತ್ತದೆ. ಬಯಲ ಹುಲ್ಲುಗಾವಲಲ್ಲಿ ತಲೆಮಾರುಗಳ ಕಾಲ ಬೇಟೆಯಾಡುವ ಪ್ರಾಣಿಗಳಿಗೆ ಆಹಾರವಾಗಿದ್ದ ಕುಲ ಇದು. ಸುಮ್ಮನೆ ಓಡಿದ್ದಕ್ಕೆ ತೆತ್ತ ಬೆಲೆ ಒಂದಿಷ್ಟು ಬೆವರು, ಓಡದೆ ನಿಂತದ್ದಕ್ಕೆ ಪ್ರಾಣ. ಮೊದಲು ಓಡು, ಆಮೇಲೆ ತಿರುಗಿ ನೋಡು ಎನ್ನುವ ಕುದುರೆಯ ನೀತಿಯಲ್ಲಿ ನಾಲ್ಕು ಸಾವಿರ ವರ್ಷಗಳ ಸಾಕಾಣಿಕೆಯಿಂದ ಹೆಚ್ಚಿನ ತಿದ್ದುಪಡಿ ಆಗಿಲ್ಲ. ಇಷ್ಟು ಸ್ಥಿರವಾದ ನೀತಿ ಇರುವ ಪ್ರಾಣಿಯನ್ನು ಚಂಚಲವೆನ್ನುವುದು ಹೇಗೆ?

ಸವಾರನ ಕಡೆಗೆ ಬಂದರೆ ಚಿತ್ರವೇ ಬೇರೆ. ಕುದುರೆಯನ್ನು ನಾವು ಓದುವುದಕ್ಕಿಂತ ಕುದುರೆ ನಮ್ಮನ್ನು ಚೆನ್ನಾಗಿ ಓದುತ್ತದೆ ಎಂಬುದಕ್ಕೆ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆಯೇ ಸಾಕ್ಷಿ. ಅದರ ಒಡೆಯ ವಿಲ್ಹೆಲ್ಮ್ ಫಾನ್ ಓಸ್ಟೆನ್ ಗಣಿತದ ಮೇಷ್ಟ್ರು. ಕೂಡು, ಕಳೆ ಎಂದು ಲೆಕ್ಕ ಕೊಟ್ಟರೆ ಹಾನ್ಸ್ ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. 1907ರಲ್ಲಿ ಓಸ್ಕರ್ ಫುಂಗ್‌ಸ್ಟ್ ಎಂಬಾತ ಪರೀಕ್ಷಿಸಿ ಗುಟ್ಟು ಹೊರಗೆಡವಿದ. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಅವನು ಕುದುರೆಗೆ ಕಾಣದಂತೆ ನಿಂತರೆ, ಹಾನ್ಸಿನ ಗಣಿತ ಕೈಕೊಡುತ್ತಿತ್ತು. ಸರಿಯುತ್ತರದ ಸಂಖ್ಯೆ ಬಂದೊಡನೆ ಕೇಳಿದವನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಮೇಷ್ಟ್ರಿಗೆ ತನ್ನ ತಲೆ ಅಲುಗುವುದು ತಿಳಿದೇ ಇರಲಿಲ್ಲ. ಗುಟ್ಟು ತಿಳಿದ ಮೇಲೂ ಫುಂಗ್‌ಸ್ಟನಿಗೆ ತನ್ನ ತಲೆಯನ್ನು ತಡೆದು ನಿಲ್ಲಿಸುವುದು ಕಷ್ಟವಾಯಿತಂತೆ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನ ಇನ್ನೂ ನೇರವಾದದ್ದು. ಕುದುರೆಯೊಡನೆ ಒಂದು ಗೊತ್ತಾದ ದಾರಿಯಲ್ಲಿ ಹಲವು ಸಲ ಹೋಗಿಬಂದವರಿಗೆ, ಈ ಸಲ ನೀವು ಹೋಗುವಾಗ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ ಎಂದು ಹೇಳಲಾಯಿತು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಕುದುರೆಗಳದ್ದೂ ಏರಿತು. ಕೊಡೆಯ ಸುದ್ದಿ ಕುದುರೆಗೆ ಗೊತ್ತಿರಲಿಲ್ಲ, ಮನುಷ್ಯನ ಭಯ ಮಾತ್ರ ಗೊತ್ತಾಗಿತ್ತು. ಈಗ ಬೆಟ್ಟಕ್ಕೆ ಬಂದ ಹೊಸ ಸವಾರನನ್ನು ನೋಡಿ. ಹೆದರಿಕೆಯಾದೊಡನೆ ಅವನ ಮೈ ತಾನಾಗಿ ಎರಡು ಕೆಲಸ ಮಾಡುತ್ತದೆ: ಕಾಲುಗಳು ಕುದುರೆಯ ಹೊಟ್ಟೆಯನ್ನು ಅವುಚುತ್ತವೆ, ಕೈಗಳು ಲಗಾಮನ್ನು ಎದೆಗೆ ಎಳೆಯುತ್ತವೆ. ಹೊಟ್ಟೆ ಒತ್ತಿದರೆ ನಡೆ, ಲಗಾಮು ಎಳೆದರೆ ನಿಲ್ಲು ಎಂದು ಕುದುರೆ ಕಲಿತಿದೆ. ಒಂದೇ ಕಡತದ ಮೇಲೆ ಸಾಹೇಬರು ಮಂಜೂರು ಎಂದೂ ತಿರಸ್ಕೃತ ಎಂದೂ ಬರೆದು ಕಳಿಸಿದರೆ ಗುಮಾಸ್ತನಿಗೆ ಬರುವ ಪಾಡೇ ಅದಕ್ಕೂ ಬರುತ್ತದೆ. ಅದು ತಲೆ ಒದರುತ್ತದೆ, ಅಡ್ಡಡ್ಡ ಹೆಜ್ಜೆ ಹಾಕುತ್ತದೆ, ಕೊನೆಗೆ ಮುಂಗಾಲೆತ್ತುತ್ತದೆ. ಸವಾರ ಕೆಳಗಿಳಿದು ಹೇಳುವುದು, ಕಾರಣವೇ ಇಲ್ಲದೆ ಹಾಗೆ ಮಾಡಿಬಿಟ್ಟಿತು!

ಆದ್ದರಿಂದಲೇ ಒಳ್ಳೆಯ ಕುದುರೆಯವನ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸವಾರನ ಮೇಲೆಯೇ ಖರ್ಚಾಗುತ್ತದೆ. ಹಿಮ್ಮಡಿ ಕೆಳಗೆ ಒತ್ತಿ, ಮುಂದೆ ನೋಡಿ, ಜೀನಿನ ಹಿಡಿ ಹಿಡಿದುಕೊಳ್ಳಿ, ಲಗಾಮು ಬಿಡಿ ಎಂದು ಅವನು ಒಂದೇ ಸಮನೆ ಹೇಳುತ್ತಿರುತ್ತಾನೆ. ಹಿಮ್ಮಡಿಯ ಮಾತು ಶಿಸ್ತಿಗಾಗಿ ಅಲ್ಲ. ಪಾದದ ಮುಂಭಾಗ ಮಾತ್ರ ರಿಕಾಬಿನಲ್ಲಿದ್ದರೆ ಬಿದ್ದವನು ಬಿಡಿಸಿಕೊಂಡು ಬೀಳುತ್ತಾನೆ. ಪಾದ ಪೂರ್ತಿ ಒಳಗೆ ಜಾರಿದ್ದರೆ ಕುದುರೆ ಅವನನ್ನು ಎಳೆದುಕೊಂಡೇ ಓಡುತ್ತದೆ. ಹೊಟ್ಟೆಪಟ್ಟಿಯದು ಇನ್ನೊಂದು ಕಥೆ. ಜೀನು ಬಿಗಿಯುವಾಗ ಎಷ್ಟೋ ಕುದುರೆಗಳು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತವೆ. ಆಗ ಬಿಗಿಯಾಗಿದ್ದ ಪಟ್ಟಿ ಹತ್ತು ನಿಮಿಷ ನಡೆದ ಮೇಲೆ ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಾಗಿರುತ್ತದೆ. ಆ ಹೊತ್ತಿಗೆ ನಿಲ್ಲಿಸಿ ಮತ್ತೊಮ್ಮೆ ಪಟ್ಟಿ ಎಳೆಯದ ಕುದುರೆಯವನನ್ನು ನಾನು ನಂಬುವುದಿಲ್ಲ. ಸವಾರ ಸೆಲ್ಫಿಗೆಂದು ಒಂದು ಬದಿಗೆ ಬಾಗುತ್ತಾನೆ, ಜೀನು ಅತ್ತ ವಾಲುತ್ತದೆ, ಹೊಟ್ಟೆಯ ಕೆಳಗೆ ಏನೋ ಜೋತು ಬಡಿಯತೊಡಗಿದರೆ ಎಂಥ ಸಾಧು ಕುದುರೆಯೂ ನಾಗಾಲೋಟಕ್ಕೆ ಬೀಳುತ್ತದೆ. ಸಾಲಿನಲ್ಲಿ ಯಾವುದರ ಹಿಂದೆ ಯಾವುದು ಎನ್ನುವುದೂ ಅವನ ತೀರ್ಮಾನ. ಹಿಂದಿನಿಂದ ಮೂತಿ ತಾಗಿಸಿದರೆ ಒದೆಯುವ ಕುದುರೆ ಕೊನೆಯಲ್ಲಿ, ಯಾವುದಕ್ಕೂ ಅಂಜದ ಹಳೆಯದು ಮುಂದೆ, ಎರಡರ ನಡುವೆ ಒಂದು ಕುದುರೆಯ ಉದ್ದದಷ್ಟಾದರೂ ತೆರಪು. ಹಿಂಡಿನ ಪ್ರಾಣಿಗೆ ಮುಂದಿನವನ ಭಯವೇ ತನ್ನ ಭಯ, ಮುಂದಿನವನ ಧೈರ್ಯವೇ ತನ್ನ ಧೈರ್ಯ. ಇಷ್ಟೆಲ್ಲದರ ನಡುವೆ ಅವನ ಕಣ್ಣಿನ ಒಂದು ಮೂಲೆ ಸದಾ ಕಿವಿಗಳ ಮೇಲೆ. ಕುದುರೆಯ ಎಡ ಭುಜದ ಪಕ್ಕ ನಡೆಯುವವನಿಗೆ ಅವು ಚೆನ್ನಾಗಿ ಕಾಣುತ್ತವೆ. ಒಂದು ಕಿವಿ ಅತ್ತಿತ್ತ ಹೊರಳುತ್ತಿದ್ದರೆ ಎಲ್ಲ ಸರಿಯಿದೆ. ಎರಡೂ ಮುಂದಕ್ಕೆ ಸೆಟೆದು, ಕತ್ತು ಮೇಲೆದ್ದು, ಹೆಜ್ಜೆ ಗಿಡ್ಡವಾಯಿತೆಂದರೆ ಕುದುರೆ ಇನ್ನು ಒಂದೆರಡು ಕ್ಷಣದಲ್ಲಿ ತೀರ್ಮಾನ ಮಾಡಲಿದೆ. ಬೇರೆ ಮಾತಾಡಿ ಅದರ ಗಮನ ಸೆಳೆಯಲು, ತಲೆಯನ್ನು ಆ ವಸ್ತುವಿನ ಕಡೆ ತಿರುಗಿಸಿ ನೋಡಗೊಡಲು ಇರುವ ಸಮಯ ಅಷ್ಟೇ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಹಗುರವಾದದ್ದಲ್ಲ. ಆದದ್ದೆಲ್ಲ ಆದ ಮೇಲೆ ಕಾರಣ ಹುಡುಕುವುದು ಸುಲಭ. ಕಿವಿ ಸೆಟೆದಿತ್ತು, ನೆರಳಿತ್ತು, ಪಟ್ಟಿ ಸಡಿಲವಿತ್ತು ಎಂದು ಪಟ್ಟಿ ಮಾಡಬಹುದು. ಆದರೆ ಅದೇ ಕಿವಿ ದಿನಕ್ಕೆ ನೂರು ಸಲ ಸೆಟೆಯುತ್ತದೆ, ಕುದುರೆ ಓಡುವುದು ಎಂದೋ ಒಮ್ಮೆ. ಹಾಗಿದ್ದರೆ ಮುಂಗಾಣುವುದೆಲ್ಲಿ ಬಂತು? ಈ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಮೂರು ಸಣ್ಣ ಹೆದರಿಕೆಗಳನ್ನು ನುಂಗಿಕೊಂಡ ಕುದುರೆ ನಾಲ್ಕನೆಯ ಚಿಲ್ಲರೆ ಕಾರಣಕ್ಕೆ ಸ್ಫೋಟಿಸುತ್ತದೆ ಎಂದು ಬಲ್ಲವರು ಹೇಳುತ್ತಾರೆ, ಅದು ನಿಜ. ಆದರೆ ನಾಲ್ಕನೆಯದು ಯಾವ ತಿರುವಿನಲ್ಲಿ ಕಾದಿದೆ ಎಂದು ಅವರೂ ಹೇಳಲಾರರು. ಇದಕ್ಕೆ ಉತ್ತರ ನಮ್ಮ ಮಹಾಭಾರತದ ನಳನ ಕಥೆಯಲ್ಲೇ ಇದೆ. ಬಾಹುಕನಾಗಿ ವೇಷ ಮರೆಸಿಕೊಂಡ ನಳ ಅಯೋಧ್ಯೆಯ ಋತುಪರ್ಣನ ಸಾರಥಿ. ವಿದರ್ಭಕ್ಕೆ ಒಂದೇ ದಿನದಲ್ಲಿ ಹೋಗಬೇಕು ಎಂದಾಗ ಅವನು ಆರಿಸಿದ್ದು ನೋಡಲು ಬಡಕಲಾದ ಕುದುರೆಗಳನ್ನು. ರಾಜ ಆಕ್ಷೇಪಿಸಿದ, ನಳ ಲಕ್ಷಣ ತೋರಿಸಿ ಸುಮ್ಮನಾಗಿಸಿದ. ಅವನಿಗೆ ಅಶ್ವಹೃದಯ ಗೊತ್ತು. ದಾರಿಯಲ್ಲಿ ಋತುಪರ್ಣ ಒಂದು ತಾರೆ ಮರದ ಎಲೆ, ಕಾಯಿಗಳ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಹೇಳಿದ. ನಳ ರಥ ನಿಲ್ಲಿಸಿ ಎಣಿಸಿ ಬೆರಗಾದ. ರಾಜನಿಗೆ ಅಕ್ಷಹೃದಯ ಗೊತ್ತು, ದಾಳದ ಮರ್ಮ. ಇಬ್ಬರೂ ವಿದ್ಯೆಗಳನ್ನು ಕೊಟ್ಟುಕೊಳ್ಳುವ ಮಾತಾಯಿತು. ಕುದುರೆಯ ಮನಸ್ಸು ಬಲ್ಲವನೂ ದಾಳದ ಮುಂದೆ ರಾಜ್ಯ ಕಳೆದುಕೊಂಡಿದ್ದ ಎಂಬುದನ್ನು ಮರೆಯಬಾರದು. ಹಗ್ಗ ಹಿಡಿದು ನಡೆಯುವವನಿಗೂ ಒಂದೇ ವಿದ್ಯೆ ಸಾಲದು. ಈ ಕುದುರೆ ಈಗ ಏನು ಮಾಡೀತು ಎಂಬುದು ಮೊದಲನೆಯದು. ಅದು ಏನು ಮಾಡಿದರೂ ನಷ್ಟ ಕಡಿಮೆ ಇರುವಂತೆ ಮೊದಲೇ ಲೆಕ್ಕ ಹಾಕಿಡುವುದು ಎರಡನೆಯದು. ಕಣಿವೆಯ ಅಂಚಿನಲ್ಲಿ ತಾನು ಅಂಚಿಗೂ ಕುದುರೆಗೂ ನಡುವೆ ನಿಲ್ಲುವುದು, ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳದಿರುವುದು, ಎದುರಿನಿಂದ ಗಾಡಿ ಬಂದರೆ ಅಗಲವಾದ ಜಾಗ ಸಿಕ್ಕುವವರೆಗೆ ಮುಂದೆ ಹೋಗದಿರುವುದು. ಮುಂಗಾಣಲಾಗದು ಎಂಬ ಮಾತು ಈ ಎರಡನೆಯ ವಿದ್ಯೆಯನ್ನು ಕೈಬಿಡಲು ನೆಪವಾಗುವುದೇ ಹೆಚ್ಚು.

ಎರಡನೆಯ ಆಕ್ಷೇಪ, ನಿಜಕ್ಕೂ ಕೆಟ್ಟ ಕುದುರೆಗಳೇ ಇಲ್ಲವೇ ಎಂಬುದು. ಅಂಜುಬುರುಕವಾಗಿ ಹುಟ್ಟಿದವಿವೆ, ಮುಂಗೋಪಿಗಳಿವೆ. ರೇಸಿಗೆಂದು ಪಳಗಿ ನಿವೃತ್ತಿಯ ಮೇಲೆ ಸವಾರಿಗೆ ಬಂದವೂ ಇವೆ. ಹಿಂದಿನಿಂದ ಗೊರಸಿನ ಸದ್ದು ಕೇಳಿದರೆ ಅವು ವೇಗ ಹೆಚ್ಚಿಸುವುದು ಕಲಿತ ಪಾಠವನ್ನು ಒಪ್ಪಿಸುವುದಷ್ಟೇ. ಆದರೆ ಕೆಟ್ಟದ್ದೆಂದು ಹೆಸರಾದ ಕುದುರೆಯ ಜೀನು ಬಿಚ್ಚಿ ನೋಡಿದರೆ, ಕುತ್ತಿಗೆ ಬೆನ್ನಿಗೆ ಸೇರುವ ದಿಬ್ಬದ ಮೇಲೆ ರೂಪಾಯಿಯಗಲದ ಹಸಿ ಗಾಯವೋ, ಕೂದಲು ಬಿಳಿಯಾದ ಹಳೆಯ ಗಾಯದ ಗುರುತೋ ಎಷ್ಟು ಸಲ ಸಿಗುತ್ತದೆ ಎಂದು ಪಶುವೈದ್ಯರನ್ನು ಕೇಳಬೇಕು. ಚೂಪಾದ ದವಡೆಹಲ್ಲು ಕೆನ್ನೆಗೆ ಒತ್ತುತ್ತಿದ್ದರೆ ಕಡಿವಾಣದ ಪ್ರತಿ ಎಳೆತವೂ ನೋವೇ. ಕುದುರೆ ನಿಂತೇ ತೂಕಡಿಸಬಲ್ಲದು, ನಿಜ. ಆದರೆ ಗಾಢವಾದ ಕನಸಿನ ನಿದ್ದೆಗೆ ಅದು ಮಲಗಲೇಬೇಕು. ಒಣಗಿದ, ಭಯವಿಲ್ಲದ ಜಾಗ ಸಿಗದೆ ದಿನಗಟ್ಟಲೆ ಮಲಗದ ಕುದುರೆ ನಿಂತಲ್ಲೇ ಮೊಣಕಾಲು ಕುಸಿದು ಮುಗ್ಗರಿಸುತ್ತದೆ. ಹೊರೆಯ ವಿಷಯಕ್ಕೆ ಕಾನೂನೇ ಇದೆ. 1965ರ ಕೇಂದ್ರ ನಿಯಮಗಳು ಪೋನಿಯ ಬೆನ್ನಿನ ಹೊರೆಯ ಮಿತಿಯನ್ನು 70 ಕಿಲೋಗೆ ಇಟ್ಟಿವೆ. ದಿನಕ್ಕೆ ಒಂಬತ್ತು ಗಂಟೆ, ಬಿಡುವಿಲ್ಲದೆ ಐದು ಗಂಟೆ ಮೀರಿ ದುಡಿಸಬಾರದು ಎನ್ನುತ್ತವೆ. ಊಟಿಯ ಕೆರೆಯ ಬಳಿ ಆಗಲಿ ಇನ್ನಾವುದೇ ಗಿರಿಧಾಮದಲ್ಲಾಗಲಿ ಪೋನಿ ಹತ್ತುವ ನಮ್ಮಂಥ ಮಧ್ಯವಯಸ್ಕರಲ್ಲಿ, ಜೀನಿನ ಭಾರ ಬಿಟ್ಟರೂ, ಆ 70ರ ಒಳಗೆ ಇರುವವರು ಎಷ್ಟು ಮಂದಿ? ಇದಕ್ಕಿಂತ ಕಷ್ಟದ ಸಂಗತಿ ಎಂದರೆ ಸಾಧು ಎನ್ನಿಸಿಕೊಂಡ ಕುದುರೆ. ತಾನು ಹೇಳಿದ್ದು ಯಾರಿಗೂ ಕೇಳಿಸದು ಎಂದು ಅರಿತು, ನೋವನ್ನು ತೋರುವುದನ್ನೇ ಬಿಟ್ಟು, ತಲೆ ಜೋತು ಹಾಕಿ ನಡೆಯುವ ಕುದುರೆಯೂ ಹೊರನೋಟಕ್ಕೆ ಸಾಧುವೇ. ಕಿವಿ ಅಲುಗಿಸುವ ಕುದುರೆ ಸುದ್ದಿ ಕೊಡುತ್ತದೆ, ಇದು ಕೊಡುವುದಿಲ್ಲ. ಎಂದಾದರೂ ಅದು ಸಿಡಿದರೆ ಮುನ್ಸೂಚನೆ ಇರಲಿಲ್ಲ ಎನ್ನುವುದು ಅಕ್ಷರಶಃ ಸತ್ಯ, ಸೂಚನೆಯನ್ನು ನಾವೇ ಹೊಡೆದು ಅಡಗಿಸಿದ್ದರಿಂದ.

ಹೊಡೆತದ ಮಾತು ಬಂತು. ಚಾವಟಿಯಿಂದ ಕೆಲಸ ಆಗುತ್ತದೆ ಎನ್ನುವವರಿದ್ದಾರೆ, ಆಗುತ್ತದೆ ಕೂಡ, ಒಂದು ಸಲಕ್ಕೆ. ಗಾಳಿಗೆ ಹಾರಿ ಬಂದ ಪತ್ರಿಕೆಯ ಹಾಳೆಗೆ ಕುದುರೆ ಬೆದರಿತು, ಒಡನೆ ಏಟು ಬಿತ್ತು. ಕುದುರೆಗೆ ತಿಳಿದದ್ದು ಇಷ್ಟು: ಹಾಳೆ ಕಂಡಿತು, ನೋವಾಯಿತು. ಅಲ್ಲಿಗೆ ಹಾಳೆ ಅಪಾಯಕಾರಿ ಎಂಬ ಅದರ ಗುಮಾನಿ ರುಜುವಾತಾಯಿತು. ಮುಂದಿನ ಸಲ ಅದು ಇನ್ನೂ ದೂರದಿಂದಲೇ ಬೆದರುತ್ತದೆ, ನಾವು ಅದನ್ನು ಇನ್ನೂ ಹುಚ್ಚು ಎನ್ನುತ್ತೇವೆ. ಸಿಟ್ಟಿನಲ್ಲಿ ಕುದುರೆಯನ್ನು ಮುಟ್ಟಬೇಡ ಎಂದು ಗ್ರೀಕರ ಝೆನೊಫೋನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಕುದುರೆ ಸವಾರಿಯ ಪುಸ್ತಕದಲ್ಲಿ ಬರೆದಿಟ್ಟ. ಅವನು ಅಹಿಂಸಾವಾದಿಯಲ್ಲ, ಯುದ್ಧಕ್ಕೆ ಹೋದ ಸೈನಿಕ. ಬೇಕಾದದ್ದು ರಣದಲ್ಲಿ ಕೈಕೊಡದ ಕುದುರೆ.

ಕೊನೆಯದಾಗಿ ಒಂದು ತಂಟೆಯಿಲ್ಲದ ಸಲಹೆ: ಇಷ್ಟು ರಗಳೆ ಯಾಕೆ, ಇ-ರಿಕ್ಷಾ ಹತ್ತಿ. ಮಾಥೇರಾನಿನಲ್ಲಿ ಮನುಷ್ಯರೇ ಎಳೆಯುತ್ತಿದ್ದ ರಿಕ್ಷಾಗಳನ್ನು ಆರು ತಿಂಗಳಲ್ಲಿ ನಿಲ್ಲಿಸಬೇಕೆಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆ ಆದೇಶ ಸರಿಯಾದದ್ದೇ, ಕುದುರೆಯ ವಿಷಯದಲ್ಲೂ ಹಾಗೇ ಆಗಲಿ ಎನ್ನುವವರ ಕಾಳಜಿಯೂ ನನಗೆ ಅರ್ಥವಾಗುತ್ತದೆ. ಆದರೆ ಎಲ್ಲ ದಾರಿಗೂ ಚಕ್ರ ಹೋಗದು. ಗೌರಿಕುಂಡದಿಂದ ಕೇದಾರಕ್ಕೆ ಸುಮಾರು 16 ಕಿಲೋಮೀಟರು, 1,600 ಮೀಟರಿನಷ್ಟು ಏರು. ಕೇದಾರದ ರಾವಲರು ಕರ್ನಾಟಕದ ವೀರಶೈವ ಪರಂಪರೆಯಿಂದ ಹೋಗುವವರು, ನಮ್ಮ ಕಡೆಯ ಯಾತ್ರಿಕರಿಗೂ ಅಲ್ಲಿ ಕೊರತೆಯಿಲ್ಲ. ಮಂಡಿನೋವಿನ ತಾಯಂದಿರು ಆ ಏರನ್ನು ಹತ್ತುವುದು ಬಹುಮಟ್ಟಿಗೆ ಕುದುರೆ, ಹೇಸರಗತ್ತೆಗಳ ಬೆನ್ನ ಮೇಲೆಯೇ. ಪ್ರಾಣಿ ಇರುವವರೆಗೆ ಅದರ ಹಗ್ಗ ಹಿಡಿದವನೂ ಇರುತ್ತಾನೆ. ಅವನಿಗೆ ಬೇಕಾದ ಅತಿ ದೊಡ್ಡ ಉಪಕರಣ ಲಗಾಮಲ್ಲ, ಆಗುವುದಿಲ್ಲ ಎನ್ನುವ ಅಧಿಕಾರ. ಕುಡಿದವನಿಗೆ, ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಹತ್ತುತ್ತೇನೆ ಎನ್ನುವವರಿಗೆ, ಪೋನಿಗೆ ಮೀರಿದ ಭಾರದವರಿಗೆ, ಮಧ್ಯಾಹ್ನದ ಹೊತ್ತಿಗೆ ದಣಿದ ಕುದುರೆಯನ್ನು ಇನ್ನೊಂದು ಸುತ್ತು ಕೇಳುವವರಿಗೆ ಅವನು ಆಗುವುದಿಲ್ಲ ಎನ್ನಬೇಕು. ಎನ್ನುವುದಿಲ್ಲ, ಯಾಕೆಂದರೆ ಅವನ ಕೂಲಿ ಸುತ್ತಿನ ಲೆಕ್ಕದ್ದು. ಹುರುಳಿ, ಹುಲ್ಲು, ಲಾಳ, ಎಷ್ಟೋ ಸಲ ಕುದುರೆಯ ಒಡೆಯನ ಪಾಲು, ಎಲ್ಲ ಅದರಿಂದಲೇ ಹುಟ್ಟಬೇಕು. ಮಳೆಗಾಲದಲ್ಲಿ ಗಿರಾಕಿ ಇಲ್ಲ, ಕುದುರೆಯ ಹೊಟ್ಟೆಗೆ ರಜೆ ಇಲ್ಲ. ಅವನೊಬ್ಬ ಬೇಡವೆಂದರೆ ಸಾಲಿನಲ್ಲಿ ಹಿಂದೆ ನಿಂತವನು ಅದೇ ಗಿರಾಕಿಯನ್ನು ಕೂರಿಸಿಕೊಂಡು ಹೊರಡುತ್ತಾನೆ. ಹಾಗಾಗಿ ಒಬ್ಬೊಬ್ಬರ ಒಳ್ಳೆಯತನದಿಂದ ಇದು ಬಗೆಹರಿಯುವ ಮಾತಲ್ಲ, ಸ್ಟ್ಯಾಂಡಿನವರೆಲ್ಲ ಒಟ್ಟಾಗಿ ಬೇಡವೆನ್ನಬೇಕು, ಆ ಮಾತನ್ನು ಅವರ ಪರವಾಗಿ ಒಂದು ಬೋರ್ಡು ಹೇಳಬೇಕು. ಸುತ್ತಿನ ದರ, ದಿನಕ್ಕೆ ಇಷ್ಟೇ ಸುತ್ತು, ಇಷ್ಟೇ ತೂಕ ಎಂದು ಬರೆದ ಬೋರ್ಡು, ಅದರ ಕೆಳಗೆ ಹತ್ತಿ ನಿಲ್ಲಲು ಒಂದು ತೂಕದ ಯಂತ್ರ. ಆ ಯಂತ್ರದ ಬೆಲೆ ಒಂದು ಒಳ್ಳೆಯ ಜೀನಿಗಿಂತ ಕಡಿಮೆ.